ಬೇರಿಂಗ್ ಕಾಸಿದ್ರ ತೂತು ಹಿಗ್ಗತದೋ, ಕುಗ್ಗತದೋ?

ಪ್ರಶ್ನೆ (ಗದಗ): ಸರ, ಹಿಟ್ಟಿನ ಗಿರಣಿ ಮೋಟರಿಗೆ 6308 ನಂಬರಿನ ಬೇರಿಂಗ್ ಹಾಕಬೇಕಾಗೇದ. ಎರಡೂ ಕಡೆ ತೆರೆದದ್ದು, ಸೀಲ್ ಇಲ್ಲ. ಶಾಫ್ಟಿಗೆ (ಮೋಟರಿನ ತಿರುಗೋ ದಂಡಿಗೆ) ಇಳೀವಲ್ದು. ಕಾಸಿ ಹಾಕ್ರಿ ಅಂತಾರ. ಕಾಸಿದ್ರ ಲೋಹ ಒಳಗೂ ಉಬ್ಬಿ ತೂತು ಇನ್ನೂ ಬಿಗಿ ಆಗಬೇಕಲ್ರೀ?

ಉತ್ತರ (ಹುಬ್ಬಳ್ಳಿ, ಫಿಟ್ಟರ್): ಇಲ್ರೀ, ತೂತು ದೊಡ್ಡದಾಗ್ತದ. ಒಳರಿಂಗನ್ನ ಕೊಯ್ದು ನೆಟ್ಟಗ ಪಟ್ಟಿ ಮಾಡಿದ್ರಿ ಅಂತ ತಿಳೀರಿ. ಕಾಸಿದ್ರ ಪಟ್ಟಿ ಉದ್ದ ಆಗ್ತದ, ಮತ್ತ ಸುತ್ತಿದ್ರ ಬಳಿ ದೊಡ್ಡದಾತಲ್ಲ? ದಪ್ಪನೂ ಬೆಳೀತದ ಖರೆ, ಆದ್ರ ಉದ್ದದ ಲೆಕ್ಕದಾಗೇ ಬೆಳೀತದ. ಹಿಂಗಾಗಿ ತೂತಿನ್ಯಾಗ ಅದೇ ಉಕ್ಕು ತುಂಬಿದ್ರ ಎಷ್ಟು ಹಿಗ್ಗತಿತ್ತೋ, ಖಾಲಿ ತೂತೂ ಅಷ್ಟೇ ಹಿಗ್ಗತದ. ಚಕ್ಕಡಿ ಗಾಲಿಗೆ ಹಳಿ ಏರಸೂದೂ ಇದೇ ಆಟ. ಹಳಿ ಗಾಲಿಗಿಂತ ಸಣ್ಣ ಮಾಡಿ, ಕುಳ್ಳಿನ ಬೆಂಕ್ಯಾಗ ಕಾಸಿ ಕೂಡಿಸಿ ನೀರು ಹೊಯ್ತಾರ.

ಈಗ ಲೆಕ್ಕ. 6308ರ ತೂತು 40 ಮಿ.ಮೀ. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಾಗ ಸುಮಾರು 12 ಪಾಲು ಹಿಗ್ಗತದ. 30ರಿಂದ 110 ಡಿಗ್ರಿಗೆ ಒಯ್ದ್ರ 40 × 0.000012 × 80, ಅಂದ್ರ 0.038 ಮಿ.ಮೀ. ಶಾಫ್ಟ್ ಕೆ6 ಅಳತೆದಿದ್ರ (ಶಾಫ್ಟ್ ತೂತಿಗಿಂತ ತುಸು ದಪ್ಪ ಇಡೋ ಒಂದು ಅಳತಿ ದರ್ಜೆ) ಬಹಳಂದ್ರ 0.030 ಮಿ.ಮೀ. ಬಿಗಿ ಇರ್ತದ. ಉಳಿಯೂದು ಬರೇ 8 ಮೈಕ್ರಾನ್ (0.008 ಮಿ.ಮೀ.)! ಅದಕ್ಕ ಮೊದಲು ಶಾಫ್ಟನ್ನ ಮೈಕ್ರೋಮೀಟರ್‌ಲೇ ಅಳೀರಿ. ಅಂಚಿನ್ಯಾಗ ಬರ್ (ಎದ್ದು ನಿಂತ ಲೋಹದ ಚೂಪು) ಇದ್ರ ತಗೀರಿ.

ಹೊಸಾ ಎಣ್ಣಿ ಪಾತ್ರ್ಯಾಗ ತಂತಿ ಜಾಳಗಿ ಇಟ್ಟು ಅದರ ಮ್ಯಾಲೆ ಬೇರಿಂಗ್ ಇಡ್ರಿ. ತಳಕ್ಕ ತಾಗಿದ್ರ ಒಂದೇ ಕಡೆ ಕಾಯ್ತದ. ಎಣ್ಣ್ಯಾಗ ಥರ್ಮಾಮೀಟರ್ ಇರ್ಲಿ, 120 ದಾಟಬ್ಯಾಡ್ರಿ. ದಪ್ಪ ಕೈಗವಸು ಹಾಕ್ಕೊಂಡು ತಗದು, ತೂತು ಒರೆಸಿ, ಒಮ್ಮೆಲೆ ಶಾಫ್ಟಿನ ಮೆಟ್ಟಿಲಿನ (ಶಾಫ್ಟ್ ದಪ್ಪ ಆಗೋ ಜಾಗಾದ) ತನಕ ದೂಡ್ರಿ. ನಡುವ ನಿಂತ್ರ ಅಲ್ಲೇ ಕಚ್ಚಿಕೊಂತದ. ತಣ್ಣಗಾಗೂತನಕ ಒತ್ತಿ ಹಿಡೀರಿ, ಯಾಕಂದ್ರ ಅಗಲನೂ ಕುಗ್ಗಿ ಮೆಟ್ಟಿಲಿಗೆ ಸಂದಿ ಬೀಳ್ತದ. ಇದನ್ನ ಬಹಳ ಮಂದಿ ಮರೀತಾರ. ಆರಿದ ಮ್ಯಾಲೆ ಗ್ರೀಸ್ ತುಂಬ್ರಿ.

ಮರುಪ್ರಶ್ನೆ: ಗ್ಯಾಸ್ ಕಟರ್ ಬೆಂಕಿ ತೋರಿಸಿದ್ರ ಲಗೂ ಆಗೂದಿಲ್ಲೇನ್ರೀ?

ಉತ್ತರ: ಲಗೂ ಕೆಡ್ತದ. ಒಂದು ಕಡೆ ಕಾದು ತೂತು ಮೊಟ್ಟಿ ಆಕಾರ ಆಗ್ತದ, ಉಕ್ಕಿನ ಹದ ಹೋಗ್ತದ. ಎರಡೂ ಕಡೆ ಸೀಲ್ ಇದ್ದ ಬೇರಿಂಗಾದ್ರ 80 ಡಿಗ್ರಿನೇ ಮಿತಿ, ಅದನ್ನ ಎಣ್ಣ್ಯಾಗನೂ ಮುಳುಗಿಸಬಾರದು. ಆಗ ಒಳರಿಂಗಿಗೆ ಪೈಪ್ ಕೊಟ್ಟು ಪ್ರೆಸ್ ಮಾಡೂದೇ ಛಲೋ.

ಇನ್ನೊಬ್ಬರು (ಹಾವೇರಿ): ಹಂಗಾದ್ರ ಕಾಸಿದಾಗ ತೂತು ಸಣ್ಣ ಆಗೂದು ಎಂದೂ ಇಲ್ಲೇನ್ರೀ?

ಉತ್ತರ: ಶಾಫ್ಟಿನ ಲೆಕ್ಕದಾಗ ಸಣ್ಣ ಆಗೂದು ಐತ್ರಿ. ಉಕ್ಕಿನ ಹೌಸಿಂಗಿನ್ಯಾಗ (ಹೊರಕವಚದಾಗ) ಹಿತ್ತಾಳಿ ಬುಷ್ (ಶಾಫ್ಟ್ ತಿರುಗೋ ಕೊಳವಿ) ಬಿಗಿಯಾಗಿ ಕೂತಿದ್ದಾಗ. ಹಿತ್ತಾಳಿ 19 ಪಾಲು ಹಿಗ್ಗತದ, ಉಕ್ಕು 12. ಹೊರಗ ಜಾಗಾ ಸಾಲದೆ ಬುಷ್ ದಪ್ಪ ಒಳಗ ಬೆಳೀತದ, ತೂತು ಉಕ್ಕಿನ ಶಾಫ್ಟಿಗಿಂತ ಕಡಿಮಿ ಹಿಗ್ಗಿ ಶಾಫ್ಟ್ ಹಿಡಕೊಂತದ. ಬುಷ್ ಕೊರಿಯುವಾಗ ಆಟ (ಶಾಫ್ಟಿಗೂ ತೂತಿಗೂ ನಡುವಿನ ಸಂದಿ) ಸ್ವಲ್ಪ ಹೆಚ್ಚಿಗೆ ಬಿಡೂದು ಅದಕ್ಕ.