ಅಪ್ಪನ ಅಂಗಾಲಿನ ಹುಣ್ಣು ಮಾಯ್ತಾನೇ ಇಲ್ಲ, ಜೆಲ್ ಹಚ್ಚಿದರೆ ಆಗುತ್ತಾ?

ಪ್ರಶ್ನೆ:
ಅಪ್ಪನಿಗೆ ತುಂಬಾ ವರ್ಷದಿಂದ ಶುಗರ್ ಇದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಹುಣ್ಣಾಗಿ ತಿಂಗಳುಗಳೇ ಆದವು. ಸುತ್ತಲಿನ ಚರ್ಮ ಬಿಳಿಚಿಕೊಂಡು ದಪ್ಪಗಟ್ಟಿದೆ. ನೋವಿಲ್ಲ ಅಂತ ಆರಾಮಾಗಿ ಓಡಾಡುತ್ತಾರೆ. ಗಾಯ ಬೇಗ ಮಾಯಿಸುವ ಜೆಲ್ ಇದೆಯಂತೆ, ಕೊಡಿಸಲಾ?

ಉತ್ತರ 1:
ನೋವಿಲ್ಲದಿರುವುದೇ ತೊಂದರೆ. ನರಗಳಿಗೆ ಸ್ಪರ್ಶ ಗೊತ್ತಾಗುತ್ತಿಲ್ಲ, ಹಾಗಾಗಿ ಪ್ರತಿ ಹೆಜ್ಜೆಗೂ ಅದೇ ಜಾಗ ಜಜ್ಜಿಹೋಗುತ್ತಿದೆ. ನೀವು ಹೇಳುವ ಜೆಲ್ ಬೆಕಾಪ್ಲರ್ಮಿನ್ ಇರಬೇಕು, ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದ್ದು. ಆದರೆ ಅದನ್ನು ಹಚ್ಚಿಕೊಂಡು ಹುಣ್ಣಿನ ಮೇಲೇ ನಡೆದರೆ ಏನು ಬಂತು? ಮೊದಲು ಹುಣ್ಣಿನ ಮೇಲೆ ಬೀಳುವ ಭಾರ ಇಳಿಸಬೇಕು. ಅದಕ್ಕೆ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅಂತ ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟು ಹಾಕುತ್ತಾರೆ. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಕಟ್ಟು ಹಾಕಿಸಿಕೊಂಡವರಲ್ಲಿ ಸುಮಾರು 90% ಜನರ ಹುಣ್ಣು 12 ವಾರದೊಳಗೆ ಮಾಯಿತು, ಭಾರ ಇಳಿಸೋಕೆ ಅಂತಲೇ ಇರುವ, ಬಿಚ್ಚಿಡಬಹುದಾದ ಬೂಟು ಹಾಕಿದವರಲ್ಲಿ 65%. ಮನೆಯೊಳಗೆ ಬೂಟು ಬಿಚ್ಚಿಟ್ಟು ನಡೆಯುತ್ತಾರೆ, ಅಲ್ವಾ? ಕಟ್ಟು ಬಿಚ್ಚೋಕೆ ಆಗಲ್ಲ.

ಉತ್ತರ 2:
ಸರಿ, ಆದರೆ ಕಟ್ಟಿಗೆ ಮೊದಲು ಕಾಲಿನ ರಕ್ತ ಸಂಚಾರ ನೋಡಿಸಲೇಬೇಕು. ಅದಕ್ಕೆ ಡಾಪ್ಲರ್ ಅಂತ ಶಬ್ದತರಂಗದ ಪರೀಕ್ಷೆ ಮಾಡುತ್ತಾರೆ. ರಕ್ತ ಸರಿಯಾಗಿ ಹೋಗದ ಕಾಲಿಗೆ, ಸೋಂಕು ಜಾಸ್ತಿ ಇರುವ ಕಾಲಿಗೆ ಸುಮ್ನೆ ಕಟ್ಟು ಹಾಕುವಂತಿಲ್ಲ. ರಕ್ತ ಸಂಚಾರ ಕಡಿಮೆ ಇರುವ ಹುಣ್ಣುಗಳಿಗೆ ಸುಕ್ರೋಸ್ ಆಕ್ಟಾಸಲ್ಫೇಟ್ ಅನ್ನೋ ವಸ್ತು ಇರುವ ಡ್ರೆಸ್ಸಿಂಗ್ ಇದೆ. 2018ರ ಯುರೋಪಿನ ಪ್ರಯೋಗದಲ್ಲಿ 20 ವಾರಕ್ಕೆ 48% ಜನರಿಗೆ ವಾಸಿಯಾಯಿತು, ಅದಿಲ್ಲದ ಡ್ರೆಸ್ಸಿಂಗ್‌ನಲ್ಲಿ 30%. ಆ ದಪ್ಪ ಚರ್ಮವನ್ನು ಡಾಕ್ಟರೇ ಕೆರೆದು ತೆಗೆಯಬೇಕು, ದಯವಿಟ್ಟು ಮನೆಯಲ್ಲಿ ಬ್ಲೇಡ್ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು:
ಡಾಪ್ಲರ್ ಬಗ್ಗೆ ಇಲ್ಲಿವರೆಗೂ ಯಾರೂ ಹೇಳಿರಲಿಲ್ಲ. ಸೋಮವಾರ ಕರೆದುಕೊಂಡು ಹೋಗುತ್ತೇನೆ.

ಉತ್ತರ 1:
ಕೀವು, ವಾಸನೆ, ಜ್ವರ, ಕಾಲು ಕೆಂಪಗಾಗೋದು ಕಂಡರೆ ಸೋಮವಾರದವರೆಗೂ ಕಾಯಬೇಡಿ, ಅವತ್ತೇ ಹೋಗಿ.