ಸಹಾಯ ಬೇಕು: ನಮ್ಮ ಎಕನಾಮಿಕ್ಸ್ ಸರ್ ನೆನಪಿನ ಪುಸ್ತಕಕ್ಕೆ ನಿಮ್ಮತ್ರ ಇರೋ ನೋಟ್ಸು, ಫೋಟೋ

ಎಲ್ಲರಿಗೂ ನಮಸ್ಕಾರ. ಸರ್ ತೀರ್ಕೊಂಡ ವಿಷಯ ಗ್ರೂಪಲ್ಲಿ ಬಹಳ ಜನಕ್ಕೆ ಗೊತ್ತು. ಮೊದ್ಲು ಅವರ ಸ್ಟೂಡೆಂಟ್ ಆಗಿ, ಆಮೇಲೆ ಸ್ಟಾಫ್ ರೂಮಲ್ಲಿ ಅವರ ಪಕ್ಕದ ಟೇಬಲ್ಲಲ್ಲೇ ಕೂತು ಕೆಲಸ ಮಾಡಿದವಳು ನಾನು, ಅವರ ಮನೆಯವರೂ ಒಪ್ಪಿದಾರೆ, ಹಾಗಾಗಿ ಒಂದು ಚಿಕ್ಕ ಪುಸ್ತಕ ತರೋಣ ಅಂತಿದೀವಿ.

ಮುಖ್ಯವಾಗಿ ಬೇಕಾಗಿರೋದು ನಂಜುಂಡಪ್ಪ ವರದಿ ಮೇಲೆ ಅವರು ಮಾಡ್ತಿದ್ದ ಪಾಠದ ನೋಟ್ಸು. 2002ರ ಆ ಸರ್ಕಾರಿ ಸಮಿತಿ ವರದಿ ಕರ್ನಾಟಕದ 175 ತಾಲ್ಲೂಕಲ್ಲಿ 114 ಹಿಂದುಳಿದಿವೆ, ಅದ್ರಲ್ಲೂ 39 ಅತ್ಯಂತ ಹಿಂದುಳಿದವು ಅಂತ ಹೇಳಿತ್ತಲ್ಲ, ಸರ್ ಅದನ್ನ ಬರೀ ಅಂಕಿ ಅಂತ ಓದಿಸ್ತಿರ್ಲಿಲ್ಲ, ಒಬ್ಬೊಬ್ಬರನ್ನೇ ಎಬ್ಬಿಸಿ "ನಿಮ್ದು ಯಾವ ತಾಲ್ಲೂಕಪ್ಪಾ, ಆಸ್ಪತ್ರೆ ಎಷ್ಟು ದೂರ, ಹೊಲಕ್ಕೆ ನೀರಿದ್ಯಾ" ಅಂತ ಕೇಳಿ ಬೋರ್ಡ್ ಮೇಲೆ ಗೆರೆ ಎಳೆದು ಬರೀತಿದ್ರು, ರಾಯಚೂರು ಜಿಲ್ಲೆ ದೇವದುರ್ಗದ ಹುಡುಗಂದು ಮಂಗಳೂರಿನ ಹುಡುಗೀದು ಉತ್ತರ ಅಕ್ಕಪಕ್ಕ ಬಂದಾಗ ಪ್ರಾದೇಶಿಕ ಅಸಮಾನತೆ ಅಂದ್ರೇನು ಅಂತ ಇಡೀ ಕ್ಲಾಸಿಗೆ ಅರ್ಥ ಆಗೋದು. ಅಂಥ ಪಾಠ ಕಳ್ಕೋಬಾರ್ದು.

ಹಾಗೇ ಅವರು ತಿದ್ದಿಕೊಟ್ಟ ಸೆಮಿನಾರ್ ಪೇಪರ್ ಯಾರ ಹತ್ರ ಆದ್ರೂ ಇದ್ರೆ ದಯವಿಟ್ಟು ಫೋಟೋ ತೆಗೆದು ಕಳ್ಸಿ, ಅಂಚಲ್ಲಿ ಪೆನ್ಸಿಲಲ್ಲಿ "ಇದ್ರಲ್ಲಿ ಹೆಂಗಸರ ದುಡಿಮೆ ಎಲ್ಲಿ?" ಅಂತೆಲ್ಲ ಬರೆದಿರ್ತಿದ್ರು, ಅದೂ ಬೇಕು ನಮಗೆ.

ಇನ್ನೊಂದು, ಅವರ ಕಂಪ್ಯೂಟರಲ್ಲಿ ಸಿಕ್ಕಿರೋ ಲೇಖನಗಳು ಹಳೇ ನುಡಿ ಫಾಂಟಲ್ಲಿವೆ, ಯೂನಿಕೋಡಿಗೆ ಬದಲಾಯಿಸಿದ್ರೆ ಒತ್ತಕ್ಷರ ಎಲ್ಲಾ ಕೆಡ್ತಿದೆ. ಇದು ಗೊತ್ತಿರೋರು, ಪ್ರೂಫ್ ನೋಡೋಕೆ ಟೈಮ್ ಇರೋರು ಇನ್‌ಬಾಕ್ಸ್ ಮಾಡಿ ಪ್ಲೀಸ್. ಹಳೇ ಬ್ಯಾಚಿನವರಿಗೂ ಇದನ್ನ ಫಾರ್ವರ್ಡ್ ಮಾಡಿ.