ಸೂರ್ಯ, ಸಂಡಿಗೆ, ಸೊನ್ನೆ ಬಿಲ್ಲು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ತಾರಸಿಯ ಮೇಲೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು ಸೇರುತ್ತವೆ. ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಕೂರುವ ಹುಚ್ಚು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ. ಆದರೆ ಕಳೆದ ವರ್ಷ ನಾನು 3 ಕಿಲೋವ್ಯಾಟ್‌ನ ಸೋಲಾರ್ ಪ್ಯಾನೆಲ್‌ಗಳನ್ನು ಎಂಟು ಅಡಿ ಎತ್ತರದ ಕಬ್ಬಿಣದ ಚಪ್ಪರದ ಮೇಲೆ ಹಾಕಿಸಿದಂದಿನಿಂದ ಅವುಗಳ ಕೆಳಗೆ ಬಡಾವಣೆಯಲ್ಲಿಯೇ ಅತ್ಯಂತ ದುಬಾರಿಯಾದ ನೆರಳು ಬೀಳುತ್ತಿದ್ದು, ಅದನ್ನು ವ್ಯರ್ಥ ಮಾಡಬಾರದೆಂದು ಸ್ನೇಹಿತರು ತಪ್ಪದೆ ಬಂದು ಕೂರುತ್ತಾರೆ.

ಮೊನ್ನೆಯ ಭಾನುವಾರ ವಕೀಲರು ಒಂದು ಕಡತವನ್ನೇ ಹಿಡಿದುಕೊಂಡು ಬಂದಿದ್ದರು. ಅವರ ಮನೆಯಲ್ಲಿ ಎರಡು ಎಸಿಗಳಿದ್ದು, ಕರೆಂಟಿನ ಬಿಲ್ಲು ತಿಂಗಳಿಗೆ 400 ಯೂನಿಟ್‌ಗೆ ಕಡಿಮೆ ಎಂದೂ ಬಂದದ್ದಿಲ್ಲ. ತಾವೂ ಪ್ಯಾನೆಲ್ ಹಾಕಿಸಬೇಕೆಂದಿರುವುದಾಗಿಯೂ, ಅದಕ್ಕೆ ಮೊದಲು ಪರ ವಿರೋಧ ಎರಡೂ ವಾದಗಳನ್ನು ಕೇಳಬಯಸುವುದಾಗಿಯೂ ಅವರು ಗಂಭೀರವಾಗಿ ಘೋಷಿಸಿದರು. ವಿರೋಧ ವಾದಕ್ಕೆ ದಿನಸಿ ಅಂಗಡಿಯ ಶೆಟ್ಟರು ಆಗಲೇ ಸಿದ್ಧರಾಗಿದ್ದರು.

"ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಸೋಲಾರ್ ಇದೆ. ಮೋಡ ಕವಿದ ದಿನ ತಣ್ಣೀರು ಬರುತ್ತದೆ. ಅದಕ್ಕಿಂತ ಹೆಚ್ಚಿನದೇನು ಇವರದರಲ್ಲಿ?" ಎಂದರು ಶೆಟ್ಟರು.

ನಮ್ಮ ಕಡೆ ಸೋಲಾರ್ ಎಂದರೆ ಇಂದಿಗೂ ಸ್ನಾನದ ನೀರು ಕಾಯಿಸುವ ಯಂತ್ರವೇ. ಅದು ಬಿಸಿಲಿನ ಶಾಖವನ್ನು ನೀರಿಗೆ ಕೊಡುತ್ತದೆ, ಇದು ಬಿಸಿಲಿನ ಬೆಳಕಿನಿಂದಲೇ ವಿದ್ಯುತ್ತನ್ನು ಮಾಡುತ್ತದೆ ಎಂದು ನಾನು ವಿವರಿಸಿದೆ. ನೀರು ಕಾಯಿಸುವ ಸೋಲಾರ್‌ಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಇದೆಯೆಂಬುದನ್ನು ಶೆಟ್ಟರಿಗೆ ನೆನಪಿಸಿದಾಗ ಅವರು ನಕ್ಕುಬಿಟ್ಟರು. ಬಿಲ್ಲೇ ಸೊನ್ನೆಯಾಗಿರುವಾಗ ರಿಯಾಯಿತಿಯನ್ನು ಯಾವುದರಲ್ಲಿ ಕಳೆಯುವುದು ಎಂಬುದು ಅವರ ಪ್ರಶ್ನೆ.

ಇಲ್ಲಿ ಶೆಟ್ಟರ ಸೊನ್ನೆ ಬಿಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರಲ್ಲಿ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿ, ಅಷ್ಟು ಯೂನಿಟ್ ಉಚಿತವೆಂದು ನಿಗದಿಯಾಯಿತು. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ ಕೊಡಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಶೆಟ್ಟರ ಸರಾಸರಿ 150, ಹಕ್ಕು 165. ಅಂದಿನಿಂದ ಆ ಮನೆಯಲ್ಲಿ ಪಂಚಾಂಗಕ್ಕಿಂತ ಮೀಟರನ್ನು ಹೆಚ್ಚು ಭಕ್ತಿಯಿಂದ ನೋಡಲಾಗುತ್ತಿದ್ದು, ತಿಂಗಳ 25ನೇ ತಾರೀಖು ಕಳೆದ ಮೇಲೆ ಗ್ರೈಂಡರ್ ತಿರುಗಿಸಲು ಶೆಟ್ಟರ ಒಪ್ಪಿಗೆ ಬೇಕಾಗುತ್ತದೆ.

ಲೆಕ್ಕದ ವಿಷಯ ಬಂದ ಮೇಲೆ ಮೇಷ್ಟ್ರು ಸುಮ್ಮನಿರುವುದುಂಟೇ? ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಅವರು ಜೇಬಿನಿಂದ ಹಳೆಯ ಮದುವೆಯ ಕರೆಯೋಲೆಯೊಂದನ್ನು ತೆಗೆದು ಅದರ ಹಿಂಬದಿಯಲ್ಲಿ ಬರೆಯತೊಡಗಿದರು. 1 ಕಿಲೋವ್ಯಾಟ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೂರಕ್ಕೆ 12, ತಿಂಗಳಿಗೆ 360. ಮುಂಗಾರಿನ ಮೋಡಕ್ಕೆ, ಧೂಳಿಗೆ, ಪಾರಿವಾಳಗಳ ಕಾಣಿಕೆಗೆ 40 ಕಳೆದರೆ 320 ಉಳಿಯಿತು. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 1,920, ವರ್ಷಕ್ಕೆ 23,040. ವಕೀಲರಿಗೆ ಗುತ್ತಿಗೆದಾರ ಬರೆದುಕೊಟ್ಟಿದ್ದ ಬೆಲೆ 1,90,000 ರೂಪಾಯಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಕೊಡುವ ಸಹಾಯಧನ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000. ಮೂರನ್ನು ಮೀರಿ ಎಷ್ಟು ಹಾಕಿಸಿದರೂ 78,000ವೇ. ಅದನ್ನು ಕಳೆದರೆ ಕೈಯಿಂದ ಹೋಗುವುದು 1,12,000.

"ಐದು ವರ್ಷಕ್ಕೆ ಒಂದೆರಡು ತಿಂಗಳು ಕಡಿಮೆ. ಅಷ್ಟರಲ್ಲಿ ಹಾಕಿದ ಹಣ ಹಿಂದಿರುಗುತ್ತದೆ" ಎಂದು ಮೇಷ್ಟ್ರು ಗೆರೆ ಎಳೆದರು.

"ಹಾಗಿದ್ದರೆ ನನಗೂ ಒಂದು ಲೆಕ್ಕ ಹಾಕಿಕೊಡಿ, ಮೇಷ್ಟ್ರೇ" ಎಂದರು ಶೆಟ್ಟರು.

ಮೇಷ್ಟ್ರು 1,12,000 ಎಂದು ಬರೆದು, ಅದರ ಕೆಳಗೆ ಶೆಟ್ಟರ ಮನೆಯಲ್ಲಿ ವರ್ಷಕ್ಕೆ ಉಳಿಯುವ ಹಣವನ್ನು ಬರೆಯಲು ಹೋಗಿ ತಡೆದರು. ಈಗಲೇ ಏನನ್ನೂ ಕಟ್ಟದವರಿಗೆ ಉಳಿಯುವುದು ಸೊನ್ನೆ. ಸೊನ್ನೆಯಿಂದ ಭಾಗಿಸುವುದನ್ನು ತಾವು ಮೂವತ್ತೆರಡು ವರ್ಷ ಮಕ್ಕಳಿಗೆ ಬೈದು ಬಿಡಿಸಿರುವುದಾಗಿಯೂ, ಶೆಟ್ಟರಿಗೋಸ್ಕರ ಈಗ ಆ ನಿಯಮವನ್ನು ಮುರಿಯಲಾರೆನೆಂದೂ ಹೇಳಿ ಪೆನ್ನು ಮುಚ್ಚಿದರು. ನನಗೆ ಅಂದಿನ ಚರ್ಚೆಯಲ್ಲಿ ಅತ್ಯಂತ ಸತ್ಯವೆನಿಸಿದ್ದು ಇದೇ. ಬಿಸಿಲು ಎಲ್ಲರ ತಾರಸಿಗೂ ಒಂದೇ ಸಮನಾಗಿ ಬೀಳುತ್ತದೆ, ಆದರೆ ಲಾಭ ಮಾತ್ರ ದೊಡ್ಡ ಬಿಲ್ಲು ಕಟ್ಟುವವನ ತಾರಸಿಯನ್ನೇ ಹುಡುಕಿಕೊಂಡು ಹೋಗುತ್ತದೆ.

ಶೆಟ್ಟರು ಅಷ್ಟಕ್ಕೇ ಸೋಲುವವರಲ್ಲ. 1,12,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಠೇವಣಿ ಇಟ್ಟರೆ ವರ್ಷಕ್ಕೆ 7,840 ಬರುತ್ತದೆ, ಅಸಲೂ ಹಾಗೆಯೇ ಇರುತ್ತದೆ, ಅದನ್ನು ಒರೆಸಲು ಏಣಿ ಹತ್ತಬೇಕಾಗಿಯೂ ಇಲ್ಲ ಎಂದರು. ಮೇಷ್ಟ್ರು ಈ ವಾದವನ್ನು ತಳ್ಳಿಹಾಕಲಿಲ್ಲ. ಠೇವಣಿಯ ಅಸಲು ಉಳಿಯುತ್ತದೆ, ಪ್ಯಾನೆಲ್ ಸವೆಯುತ್ತದೆ, ಪ್ಯಾನೆಲ್ಲಿನ ವಿದ್ಯುತ್ತನ್ನು ಮನೆಯ ಬಳಕೆಗೆ ಒಗ್ಗಿಸುವ ಇನ್ವರ್ಟರನ್ನು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ ಎಂಬುದನ್ನು ಒಪ್ಪಿದರು. ಆದರೆ ಬಡ್ಡಿಗೆ ತೆರಿಗೆ ಇದೆ, ಕಟ್ಟದೆ ಉಳಿದ ಬಿಲ್ಲಿಗೆ ತೆರಿಗೆ ಇಲ್ಲ, ವಿದ್ಯುತ್ ದರ ಏರಿದಷ್ಟೂ ಉಳಿತಾಯವೂ ಏರುತ್ತದೆ ಎಂದು ಸೇರಿಸಿದರು. ಶೆಟ್ಟರು ಉತ್ತರ ಕೊಡದೆ ಕಾಫಿ ಕುಡಿದರು.

ವಕೀಲರ ಕಡತದಲ್ಲಿದ್ದ ಮುಖ್ಯ ಆಕ್ಷೇಪ ವಾರಂಟಿಯದು. ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷದ ವಾರಂಟಿ ಕೊಡುತ್ತಾರಲ್ಲ, ಎಪ್ಪತ್ತೊಂದು ವರ್ಷದ ತಾವು ಅದನ್ನು ಉಯಿಲಿನಲ್ಲಿ ಯಾರ ಹೆಸರಿಗೆ ಬರೆಯಬೇಕು ಎಂದು ಕೇಳಿದರು. ಅದಲ್ಲದೆ ಅವರಿಗೆ ಒಂದು ಹಳೆಯ ಕೊರಗೂ ಇತ್ತು. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ವಿದ್ಯುತ್ ಕಂಪನಿಗಳು ತಾರಸಿಯ ಸೋಲಾರ್ ವಿದ್ಯುತ್ತನ್ನು ಕೊಳ್ಳಲು, ಸಹಾಯಧನ ಪಡೆಯದವರಿಗೆ, ಯೂನಿಟ್‌ಗೆ 9 ರೂಪಾಯಿ 56 ಪೈಸೆಯ ದರವನ್ನು ನಿಗದಿಪಡಿಸಿತ್ತು. ಆಗ ವಕೀಲರ ಷಡ್ಡಕರು ಇಪ್ಪತ್ತೈದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು, ವಕೀಲರು ಪ್ಯಾನೆಲ್ಲಿನ ಬೆಲೆ ಇನ್ನೂ ಇಳಿಯಲೆಂದು ಕಾದರು. ಬೆಲೆ ಇಳಿಯಿತು, ಜೊತೆಗೆ ಕೊಳ್ಳುವ ದರವೂ ಇಳಿಯಿತು. ಈಗ ಮನೆಯ ಬಳಕೆಗೆ ಮಿಕ್ಕಿದ ವಿದ್ಯುತ್ತಿಗೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಆದ್ದರಿಂದ ಖರ್ಚಿಗೆ ತಕ್ಕಷ್ಟು ಹಾಕಿಸಿ ಸುಮ್ಮನಾಗಬೇಕೇ ಹೊರತು ವ್ಯಾಪಾರಕ್ಕೆ ಇಳಿಯಬಾರದು. ಷಡ್ಡಕರು ಮಾತ್ರ ಇಂದಿಗೂ ಪ್ರತಿ ಹಬ್ಬದ ಊಟದಲ್ಲಿ ಆ 56 ಪೈಸೆಯನ್ನು ಒತ್ತಿ ಹೇಳುತ್ತಾರಂತೆ.

ತಾರಸಿಗೆ ಬಾಡಿಗೆಯನ್ನು ಯಾರೂ ಲೆಕ್ಕ ಹಿಡಿಯಲಿಲ್ಲವಲ್ಲ ಎಂದು ಶೆಟ್ಟರು ಹೊಸ ದಾಳ ಉರುಳಿಸಿದರು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಕೊಡಲು ಆರಂಭಿಸಿದರು, ನಮ್ಮ ತಾರಸಿಯೇನು ಬಿಟ್ಟಿ ಬಿದ್ದಿದೆಯೇ ಎಂಬುದು ಅವರ ವಾದ. ಮೇಷ್ಟ್ರು ಕರೆಯೋಲೆಯನ್ನು ಮತ್ತೆ ತೆಗೆದರು. 3 ಕಿಲೋವ್ಯಾಟ್‌ಗೆ ಬೇಕಾಗುವ ಜಾಗ ಸುಮಾರು 300 ಚದರಡಿ, ಎಕರೆಗೆ 43,560 ಚದರಡಿ. "ವರ್ಷಕ್ಕೆ 145 ರೂಪಾಯಿ, ಶೆಟ್ಟರೇ. ಇಂದು ನೀವು ತಿಂದ ಕೋಡುಬಳೆಗೆ ಅದು ವಜಾ" ಎಂದರು.

ತಾರಸಿಯ ನಿಜವಾದ ಬೆಲೆ ನನಗೆ ಗೊತ್ತಿತ್ತು. ದಕ್ಷಿಣಕ್ಕೆ ಮುಖವಾಗಿ, ನೆರಳು ಬೀಳದ 300 ಚದರಡಿಯನ್ನು ಗುತ್ತಿಗೆದಾರ ಅಳೆದು ಗುರುತು ಹಾಕಿದಾಗ, ಅದು ನನ್ನ ಹೆಂಡತಿ ಇಪ್ಪತ್ತು ಬೇಸಿಗೆಗಳಿಂದ ಸಂಡಿಗೆ ಒಣಗಿಸುತ್ತಿದ್ದ ಜಾಗವೇ ಆಗಿತ್ತು. ಸಂಡಿಗೆಗೂ ಪ್ಯಾನೆಲ್ಲಿಗೂ ಬೇಕಾಗುವ ಬಿಸಿಲು ಒಂದೇ ಎಂಬುದು ವಿಜ್ಞಾನಕ್ಕೆ ತಿಳಿಯುವ ಮೊದಲೇ ಆಕೆಗೆ ತಿಳಿದಿತ್ತು. ತೆಂಗಿನ ಮರದ ಬದಿಗೆ ಸರಿಸೋಣವೆಂದರೆ, ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ಗರಿಯ ನೆರಳು ಬಿದ್ದರೂ ಉಳಿದವೂ ಸೊರಗುತ್ತವೆ, ಒಂದು ಎತ್ತು ಕುಂಟಿದರೆ ಇಡೀ ಗಾಡಿ ನಿಧಾನವಾದಂತೆ. ಕೊನೆಗೆ 25,000 ರೂಪಾಯಿ ಹೆಚ್ಚಿಗೆ ಕೊಟ್ಟು ಎತ್ತರದ ಚಪ್ಪರ ಹಾಕಿಸಿದೆ. ಕೆಳಗೆ ಜಾಗವೇನೋ ಉಳಿಯಿತು, ಆದರೆ ಅಲ್ಲಿಗೆ ಬಿಸಿಲು ಬರುವುದಿಲ್ಲವೆಂಬುದು ಹಣ ಕೊಟ್ಟ ಮೇಲೆ ಹೊಳೆಯಿತು. ಮೇಷ್ಟ್ರ ಪ್ರಕಾರ ನನ್ನ ಹಣ ಹಿಂದಿರುಗುವುದು ಈ ಸಂಡಿಗೆಯ ದೆಸೆಯಿಂದ ಒಂದು ವರ್ಷ ಒಂದು ತಿಂಗಳು ತಡ. ಸಂಡಿಗೆ ಈಗ ಮೆಟ್ಟಿಲ ಕೋಣೆಯ ಮೇಲಿನ ಸಣ್ಣ ಛಾವಣಿಗೆ ಬಡ್ತಿ ಪಡೆದಿದ್ದು, ಅಲ್ಲಿಗೆ ಏಣಿ ಹತ್ತುವ ಕೆಲಸ ನನ್ನದಾಗಿದೆ.

ವಾದ ಇಷ್ಟಕ್ಕೆ ಬಂದಾಗ ಕೆಳಗಿನಿಂದ ಗ್ರೈಂಡರಿನ ಸದ್ದು ನಿಂತಿತು. ಹಿಂದೆಯೇ ನನ್ನ ಹೆಂಡತಿಯ ಧ್ವನಿ ಬಂದಿತು. "ಕರೆಂಟು ಹೋಯಿತು. ಮೇಲೆ ಅಷ್ಟೊಂದು ಕರೆಂಟು ಇಟ್ಟುಕೊಂಡು ಕುಳಿತಿದ್ದೀರಲ್ಲ, ಸ್ವಲ್ಪ ಕೆಳಗೆ ಕಳಿಸಬಾರದೇ?"

ವಕೀಲರು ಕಡತದಿಂದ ತಲೆಯೆತ್ತಿ ನನ್ನನ್ನು ನೋಡಿದರು. ಸೂರ್ಯ ನೆತ್ತಿಯ ಮೇಲೆ ಉರಿಯುತ್ತಿದ್ದಾನೆ, ಆದರೂ ಮನೆಯಲ್ಲಿ ಕರೆಂಟಿಲ್ಲವೇ ಎಂದು ಅವರು ಪಾಟೀಸವಾಲಿನ ಧಾಟಿಯಲ್ಲಿ ಕೇಳಿದರು. ನಾನು ತಪ್ಪೊಪ್ಪಿಕೊಂಡೆ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ಬೀದಿಯ ವಿದ್ಯುತ್ ಜಾಲಕ್ಕೆ, ಜೋಡಿಸಿದ ವ್ಯವಸ್ಥೆಯಲ್ಲಿ ಬೀದಿಯ ವಿದ್ಯುತ್ ಹೋದೊಡನೆ ಇನ್ವರ್ಟರ್ ತಾನೂ ನಿಲ್ಲುತ್ತದೆ. ಇಲ್ಲವಾದರೆ ನಮ್ಮ ತಾರಸಿಯ ವಿದ್ಯುತ್ತು ಬೀದಿಯ ತಂತಿಗೆ ಹರಿದು, ತಂತಿ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಅಪಾಯವಾಗುತ್ತದೆ. ಬ್ಯಾಟರಿ ಸೇರಿಸಿದರೆ ಈ ತೊಂದರೆ ಇರುವುದಿಲ್ಲ, ಆದರೆ ಮೇಷ್ಟ್ರ ಐದು ವರ್ಷ ಆಗ ಐದಾಗಿ ಉಳಿಯುವುದಿಲ್ಲ. ವಕೀಲರು ಕಡತದಲ್ಲಿ ಏನನ್ನೋ ಬರೆದುಕೊಂಡು ಎರಡು ಸಲ ಅಡಿಗೆರೆ ಎಳೆದರು.

ಗಾಳಿ ಪೂರ್ತಿ ನಿಂತುಹೋಗಿತ್ತು. ದುಬಾರಿ ನೆರಳಿನಲ್ಲಿಯೂ ಸೆಖೆ ತಡೆಯಲಾಗದೆ ಮೇಷ್ಟ್ರು ಲೆಕ್ಕದ ಕರೆಯೋಲೆಯಿಂದಲೇ ಬೀಸಿಕೊಳ್ಳತೊಡಗಿದರು. ಆಗ ಶೆಟ್ಟರು ಎದ್ದು, ತಮ್ಮ ಮನೆಯಲ್ಲಿ ಹಳೆಯ ಯುಪಿಎಸ್ ಇರುವುದಾಗಿಯೂ, ಉಚಿತ ಕರೆಂಟಿನಿಂದಲೇ ಅದರ ಬ್ಯಾಟರಿ ತುಂಬಿರುವುದಾಗಿಯೂ ತಿಳಿಸಿ, ಅತ್ಯಂತ ಉದಾರವಾಗಿ ನಮ್ಮೆಲ್ಲರನ್ನೂ ಕರೆದರು. ನಾವು ಮೂವರೂ ಮರುಮಾತಾಡದೆ ಅವರ ಹಿಂದೆ ನಡೆದು ಹಜಾರದಲ್ಲಿ ಕುಳಿತೆವು. ವಕೀಲರು ಎರಡನೆಯ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಾಗ ಶೆಟ್ಟರು ಗಾಬರಿಯಿಂದ ತಡೆದರು.

"ಒಂದೇ ಸಾಕು, ವಕೀಲರೇ. ಬ್ಯಾಟರಿ ಮತ್ತೆ ತುಂಬುವುದಕ್ಕೂ ಯೂನಿಟ್ ಬೇಕು. ಇವತ್ತು ತಾರೀಖು ಇಪ್ಪತ್ತಾರು."